ಕಾಫಿ ಶಾಪ್ ತೆರೆಯುವವರೇ, ‘ಮಷೀನ್ ಫ್ರೀ’ ಕರಾರಿಗೆ ಸಹಿ ಹಾಕುವ ಮುನ್ನ ಇದನ್ನು ಓದಿ

ಸಣ್ಣದೊಂದು ಕಾಫಿ ಶಾಪ್‌ಗೆ ಜಾಗ ಹುಡುಕಲು ಶುರು ಮಾಡಿದರೆ ಸಾಕು, ಈ ಮಾತು ಹೇಳುವವರು ತಾವಾಗಿಯೇ ಬರುತ್ತಾರೆ. “ಮಷೀನ್‌ಗೆ ನೀವು ಕಾಸು ಹಾಕಲೇಬೇಡಿ ಮೇಡಂ. ಮಷೀನ್, ಗ್ರೈಂಡರ್, ಟ್ರೈನಿಂಗ್ ಎಲ್ಲಾ ನಮ್ಮದೇ. ಬೀಜ ಮಾತ್ರ ನಮ್ಮ ಹತ್ರ ತಗೊಂಡ್ರೆ ಆಯ್ತು.” ನನಗೂ ನನ್ನ ತಂಗಿಗೂ ಇದೇ ಮಾತು ಬಂತು. ಆ ಕರಾರಿನಿಂದ ಹೊರಗೆ ಬರುವಷ್ಟರಲ್ಲಿ ನಾವಿಬ್ಬರು ಕೂಡಿಟ್ಟ ದುಡ್ಡಿನಲ್ಲಿ ಬಹುಪಾಲು ಕರಗಿಹೋಗಿತ್ತು. ಅಂಗಡಿ ಹೇಗೋ ಉಳಿಯಿತು. ಎಲ್ಲರದ್ದೂ ಉಳಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ತರಹದ ಕಾಗದ ಬೇರೆಯವರ ಹತ್ತಿರವೂ ಇದೆ, ಆದ್ದರಿಂದ ಕಾಗದದ ಒಳಗೆ ಏನಿರುತ್ತದೆ ಅನ್ನುವುದು ಗೊತ್ತಾದರೆ ಸಾಕು.

ಒಂದು ಮಾತು ಮೊದಲೇ ಹೇಳಬೇಕು. ಮಷೀನ್ ಕೊಟ್ಟು ಬೀಜ ಮಾರುವ ಪದ್ಧತಿಯೇ ಮೋಸ ಅಂತ ನಾನು ಹೇಳುತ್ತಿಲ್ಲ. ಎರಡು ಗ್ರೂಪ್‌ನ, ಅಂದರೆ ಕಾಫಿ ಇಳಿಯುವ ಎರಡು ಬಾಯಿ ಇರುವ ಎಸ್ಪ್ರೆಸೊ ಮಷೀನ್ ಮತ್ತು ಒಳ್ಳೆ ಗ್ರೈಂಡರ್ ಸಣ್ಣ ಅಂಗಡಿಯ ಅತಿ ದೊಡ್ಡ ಖರ್ಚುಗಳಲ್ಲಿ ಸೇರುತ್ತವೆ. ಅದನ್ನು ಬೇರೆಯವರು ಹೊತ್ತುಕೊಂಡು, ಬೀಜದ ಬೆಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ವಸೂಲು ಮಾಡಿಕೊಂಡರೆ ಇಬ್ಬರಿಗೂ ಒಳ್ಳೆಯದೇ. ಹಾಗೆ ನೆಟ್ಟಗೆ ನಡೆಸುವವರೂ ಇದ್ದಾರೆ. ಆದರೆ ಫ್ರೀ ಅನ್ನುವ ಮಷೀನ್‌ಗೂ ಬೆಲೆ ಇದ್ದೇ ಇರುತ್ತದೆ, ಅದನ್ನು ಎಲ್ಲಿ ಬರೆದಿದ್ದಾರೆ ಅನ್ನುವುದನ್ನು ಹುಡುಕಬೇಕು.

ನಮ್ಮ ವಿಷಯದಲ್ಲಿ ಅದನ್ನು ಬರೆದಿದ್ದು ಅನುಬಂಧದಲ್ಲಿ. ಮೊದಲು ಮಷೀನ್ ಬುಕ್ ಮಾಡಲು ಅಂತ ಡಿಪಾಸಿಟ್ ತೆಗೆದುಕೊಂಡರು. ಕರಾರು ಆಮೇಲೆ ಕಳಿಸುತ್ತೇವೆ ಅಂದರು. ಅದು ಬಂದಾಗ ಗೋಡೆಗೆ ಬಣ್ಣ ಆಗಿತ್ತು, ಬೋರ್ಡ್ ಏರಿತ್ತು, ಬಾಡಿಗೆ ಓಡುತ್ತಿತ್ತು. ನಾಲ್ಕು ಪುಟದ ಕರಾರಿನಲ್ಲಿ ಮುಖ್ಯವಾದ ಜಾಗದಲ್ಲೆಲ್ಲ “ಅನುಬಂಧದಲ್ಲಿ ಹೇಳಿದಂತೆ” ಅಂತಿತ್ತು. ಅನುಬಂಧ ಮಾತ್ರ ಇರಲಿಲ್ಲ. ತಂಗಿ ಕೇಳಿದಳು. “ಅದು ಬರೀ ಫಾರ್ಮಾಲಿಟಿ ಮೇಡಂ, ಎಲ್ಲರಿಗೂ ಒಂದೇ. ಮೊದಲ ಲೋಡ್ ಜೊತೆ ಕಳಿಸ್ತೀವಿ” ಅಂದರು. ಹೇಳಿದಂತೆ ಮೊದಲ ಲೋಡ್ ಜೊತೆ ಬಂತು, ಬಿಲ್ಲಿನ ಹಿಂದೆ ಪಿನ್ ಹೊಡೆದುಕೊಂಡು.

ಅದರಲ್ಲಿ ಮೊದಲ ಷರತ್ತು ತಿಂಗಳಿಗೆ ಕನಿಷ್ಠ 40 ಕಿಲೋ ಬೀಜ ಕೊಳ್ಳಬೇಕು ಅನ್ನುವುದು. ಬಾಯಲ್ಲಿ ಹೇಳಿದರೆ 40 ಕಿಲೋ ಜಾಸ್ತಿ ಅನ್ನಿಸುವುದಿಲ್ಲ, ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಡಬಲ್ ಎಸ್ಪ್ರೆಸೊಗೆ ಸುಮಾರು 18 ಗ್ರಾಂ ಪುಡಿ ಬೇಕು. ಒಂದು ಕಿಲೋದಲ್ಲಿ 55 ಕಪ್. 40 ಕಿಲೋ ಅಂದರೆ ತಿಂಗಳಿಗೆ 2,200 ಕಪ್. ಒಂದು ದಿನವೂ ರಜೆ ಮಾಡದೆ ಅಂಗಡಿ ತೆಗೆದರೂ ದಿನಕ್ಕೆ 73 ಕಪ್ ಹೋಗಲೇಬೇಕು. ಆಗಷ್ಟೇ ಬಾಗಿಲು ತೆಗೆದ ಅಂಗಡಿಗೆ ಇದು ಸಣ್ಣ ಸಂಖ್ಯೆ ಅಲ್ಲ. ಬರುವವರಲ್ಲಿ ಅರ್ಧ ಜನ ಚಹಾ ಕೇಳುತ್ತಾರೆ, ಮಕ್ಕಳು ತಂಪು ಪಾನೀಯ ಕೇಳುತ್ತಾರೆ. ಯಾರೋ ಇಬ್ಬರು ಒಂದು ಕಪ್ ತಗೊಂಡು ಗಂಟೆಗಟ್ಟಲೆ ಮಾತಾಡುತ್ತಾರೆ. ಮನೆ ಹತ್ತಿರದ ಅಂಗಡಿ ಇರುವುದೇ ಅದಕ್ಕೆ, ಅವರನ್ನು ಎಬ್ಬಿಸಲು ಆಗುತ್ತದಾ?

ಕೊಳ್ಳದೆ ಉಳಿದ ಕಿಲೋಗಳಿಗೂ ಬಿಲ್ ಬರುತ್ತದೆ. ಕೊಂಡರೆ ಚೀಲಗಳು ಹಿಂದಿನ ಕೋಣೆಯಲ್ಲಿ ರಾಶಿ ಬೀಳುತ್ತವೆ. ಹುರಿದ ಬೀಜ ಕೂಡಿಡುವ ಸಾಮಾನು ಅಲ್ಲ. ಹುರಿದ ಮೇಲೆ ಕೆಲವು ದಿನ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಚೀಲದ ಮೇಲೆ ಆ ಸಣ್ಣ ಗುಂಡನೆಯ ವಾಲ್ವ್ ಇರುವುದು ಅದಕ್ಕೇ. ಎಸ್ಪ್ರೆಸೊಗೆ ಸಾಮಾನ್ಯವಾಗಿ ಒಂದು ವಾರದಿಂದ ನಾಲ್ಕೈದು ವಾರದವರೆಗೆ ಬೀಜ ಚೆನ್ನಾಗಿರುತ್ತದೆ. ಆಮೇಲೆ ಪರಿಮಳ ಇಳಿಯುತ್ತದೆ, ಮೇಲಿನ ನೊರೆ ತೆಳುವಾಗುತ್ತದೆ, ರುಚಿ ಸಪ್ಪೆಯಾಗುತ್ತದೆ. ನಮಗೆ ಬರುತ್ತಿದ್ದ ಚೀಲಗಳ ಮೇಲೆ ಹುರಿದ ದಿನಾಂಕವೇ ಇರಲಿಲ್ಲ. ಮುಂದಿನ ವರ್ಷದ ‘ಇದರೊಳಗೆ ಬಳಸಿ’ ದಿನಾಂಕ ಮಾತ್ರ ಇತ್ತು. ಸ್ಯಾಂಪಲ್‌ಗೆ ಕೊಟ್ಟಿದ್ದ ಬೀಜ ಮಾತ್ರ ತಾಜಾ ಇತ್ತು, ಆ ಚೀಲದ ಮೇಲೆ ಹುರಿದ ದಿನವನ್ನು ಕೈಯಲ್ಲೇ ಬರೆದಿದ್ದರು. ನಾನು ಯಾರಿಗಾದರೂ ಒಂದೇ ಒಂದು ಸಲಹೆ ಕೊಡಬಹುದು ಅಂದರೆ ಇದನ್ನೇ ಕೊಡುತ್ತೇನೆ: ಪ್ರತಿ ಚೀಲದ ಮೇಲೆ ಹುರಿದ ದಿನಾಂಕ ಇರಬೇಕು ಅಂತ ಕರಾರಿನಲ್ಲೇ ಬರೆಸಿ. ಇಷ್ಟು ವಾರಕ್ಕಿಂತ ಹಳೆಯದಾದರೆ ವಾಪಸ್ ಕಳಿಸುವ ಹಕ್ಕೂ ಇರಲಿ.

ಬೆಲೆಯ ಷರತ್ತನ್ನೂ ನೋಡಿ. “ಮಾರುಕಟ್ಟೆ ದರದಂತೆ ಪರಿಷ್ಕರಿಸಲಾಗುವುದು” ಅಂತಿತ್ತು ನಮ್ಮದರಲ್ಲಿ. ಯಾವ ಮಾರುಕಟ್ಟೆ? ಅರೇಬಿಕಾದ ಜಾಗತಿಕ ದರ ನ್ಯೂಯಾರ್ಕ್‌ನಲ್ಲಿ ತೀರ್ಮಾನವಾಗುತ್ತದೆ, ರೊಬಸ್ಟಾದ್ದು ಲಂಡನ್‌ನಲ್ಲಿ. 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟಾಗ ದರ ಒಮ್ಮೆಲೇ ಜಿಗಿಯಿತು. 2024ರ ಡಿಸೆಂಬರ್‌ನಲ್ಲಿ ಅರೇಬಿಕಾ 1977ರ ದಾಖಲೆಯನ್ನೂ ದಾಟಿತು. ಹಾಗೆ ಏರಿದಾಗ ಹುರಿಯುವವರು ಬೆಲೆ ಏರಿಸುವುದು ಸಹಜ, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಇಳಿದಾಗ. ನಮ್ಮ ಕರಾರಿನಲ್ಲಿ ಇಳಿಸುವ ಮಾತೇ ಇರಲಿಲ್ಲ, ಏರಿಕೆಗೆ ಮಿತಿಯೂ ಇರಲಿಲ್ಲ. ಬೇರೆ ಯಾರ ಬೀಜವನ್ನೂ ಅಂಗಡಿಯೊಳಗೆ ತರಬಾರದು ಅಂತಲೂ ಇತ್ತು. ಹಾಗಾಗಿ ಅವರು ಹೇಳಿದ್ದೇ ದರ.

ಇಷ್ಟಾದರೂ ಸಹಿಸಿಕೊಂಡು ಹೋಗಬಹುದಿತ್ತು. ನಮ್ಮನ್ನು ನಿಜವಾಗಿ ಮುಳುಗಿಸಿದ್ದು ನೀರು.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಫಿ ಶಾಪ್ ತೆರೆಯುವವರು ಕುರ್ಚಿ, ದೀಪ, ಮೆನು ಬಗ್ಗೆ ಎಷ್ಟೋ ಯೋಚನೆ ಮಾಡುತ್ತಾರೆ, ನಲ್ಲಿಯಲ್ಲಿ ಬರುವ ನೀರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಸ್ಪ್ರೆಸೊ ಮಷೀನ್ 92ರಿಂದ 96 ಡಿಗ್ರಿ ಬಿಸಿ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಪುಡಿಯ ಮೂಲಕ ಹಾಯಿಸುತ್ತದೆ. ಹಾಲು ಕಾಯಿಸುವ ಸ್ಟೀಮ್ ಬಾಯ್ಲರ್ ಅದಕ್ಕಿಂತ ಬಿಸಿ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಪದರ ಅದೇ. ಮಷೀನ್ ಒಳಗೆ ಅದು ಹೀಟರ್ ಮೇಲೆ ಕೂರುತ್ತದೆ, ಕೊಳವೆಯಲ್ಲಿ ಕೂರುತ್ತದೆ. ನೀರು ಗ್ರೂಪ್‌ಗೆ ಹೋಗುವ ದಾರಿಯಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ತೂತಿನ ಜೆಟ್ ಇರುತ್ತದೆ, ಅಲ್ಲೂ ಕೂರುತ್ತದೆ. ಆ ತೂತು ಅರ್ಧ ಮುಚ್ಚಿದರೆ ಒಂದು ಗ್ರೂಪ್‌ನಲ್ಲಿ ಕಾಫಿ ಸರಿ ಬರುತ್ತದೆ, ಇನ್ನೊಂದರಲ್ಲಿ ಹನಿ ಹನಿಯಾಗಿ ಬರುತ್ತದೆ. ಹೀಟರ್ ಮೇಲೆ ಪದರ ದಪ್ಪವಾದರೆ ಶಾಖ ನೀರಿಗೆ ಹೋಗಲಾರದೆ ಹೀಟರೇ ಸುಟ್ಟುಹೋಗುತ್ತದೆ.

ಮಷೀನ್ ಕೂರಿಸಲು ಬಂದವರು ಟಿಡಿಎಸ್ ಮೀಟರ್ ಅದ್ದಿ, ಸಂಖ್ಯೆ ನೋಡಿ, “ನೀರು ಸೂಪರ್” ಅಂದು ಹೋದರು. ಟಿಡಿಎಸ್ ಅಂದರೆ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅನ್ನುವ ಅಂದಾಜು. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಕ್ಲೋರೈಡ್ ಎಷ್ಟು ಅಂತ ಆ ಮೀಟರ್ ಹೇಳುವುದಿಲ್ಲ. ಗಡಸುತನವನ್ನು ಬೇರೆಯಾಗಿ ಪರೀಕ್ಷಿಸಬೇಕು. ಹನಿ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ ಸಾಕು, ತುಂಬ ಅಗ್ಗ. ಕ್ಲೋರೈಡ್ ಜಾಸ್ತಿ ಇದ್ದರೆ ಇನ್ನೂ ಕಷ್ಟ. ಅದು ಸ್ಟೀಲ್ ಬಾಯ್ಲರನ್ನೇ ತಿನ್ನುತ್ತದೆ, ಗಡಸುತನ ಇಳಿಸುವ ಸಾಮಾನ್ಯ ಸಾಫ್ಟ್‌ನರ್ ಅದನ್ನು ತೆಗೆಯುವುದೂ ಇಲ್ಲ. ಹಾಗಂತ ಆರ್‌ಒ ಹಾಕಿ ಎಲ್ಲವನ್ನೂ ತೆಗೆದುಬಿಟ್ಟರೂ ಸರಿಯಲ್ಲ. ಅಷ್ಟು ಖಾಲಿ ನೀರಿನಲ್ಲಿ ಕಾಫಿ ಸಪ್ಪೆ. ಜೊತೆಗೆ ಎಷ್ಟೋ ಮಷೀನ್‌ಗಳು ಬಾಯ್ಲರ್ ತುಂಬಿತಾ ಅಂತ ತಿಳಿಯುವುದು ನೀರಿನಲ್ಲಿ ಹರಿಯುವ ಸಣ್ಣ ವಿದ್ಯುತ್ತಿನಿಂದ. ಲವಣವೇ ಇಲ್ಲದ ನೀರು ಅದಕ್ಕೆ ಕಾಣುವುದಿಲ್ಲ, ತುಂಬಿದ ಮೇಲೂ ತುಂಬುತ್ತಲೇ ಇರುತ್ತದೆ. ಸ್ಪೆಷಾಲ್ಟಿ ಕಾಫಿ ಸಂಘದವರು ಕಾಫಿಯ ನೀರಿಗೆ ಲೀಟರಿಗೆ 150 ಮಿಲಿಗ್ರಾಂ ಟಿಡಿಎಸ್ ಗುರಿ ಇಟ್ಟು, 75ರಿಂದ 250ರವರೆಗೆ ಪರವಾಗಿಲ್ಲ ಅಂದಿದ್ದಾರೆ. ಕ್ಲೋರಿನ್ ಇರಲೇಬಾರದು ಅಂದಿದ್ದಾರೆ. ಆರ್‌ಒ ನೀರಿಗೆ ಸ್ವಲ್ಪ ಮಾಮೂಲಿ ನೀರು ಬೆರೆಸಿಯೋ, ಸರಿಯಾದ ಫಿಲ್ಟರ್ ಕಾರ್ಟ್ರಿಡ್ಜ್ ಹಾಕಿಯೋ ಅಲ್ಲಿಗೆ ತಲುಪಬೇಕು. ಕಾರ್ಟ್ರಿಡ್ಜ್ ಕೂಡ ಇಷ್ಟು ಲೀಟರ್ ಅಂತ ಲೆಕ್ಕದ್ದು. ನೀರು ಗಡಸಾದಷ್ಟೂ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ.

ನಮಗೆ ಯಾವ ಕಾರ್ಟ್ರಿಡ್ಜ್, ಯಾವಾಗ ಬದಲಿಸಬೇಕು ಅಂತ ಕಂಪನಿಯವರು ಹೇಳಲಿಲ್ಲ. ನಾವು ಕೇಳಿ ಕಳಿಸಿದ ಮೆಸೇಜ್‌ಗಳಿಗೆ “ಸರ್ವೀಸ್ ಟೀಮ್ ಬರುತ್ತೆ” ಅನ್ನುವ ಉತ್ತರ ಬರುತ್ತಿತ್ತು. ಟೀಮ್ ಬಂದಿದ್ದು ಹೀಟರ್ ಸುಟ್ಟ ಮೇಲೆ. ಬಾಯ್ಲರ್ ತೆಗೆದು ಒಳಗಿನ ಸುಣ್ಣದ ಫೋಟೊ ತೆಗೆದುಕೊಂಡರು. ಆಮೇಲೆ ಅನುಬಂಧದ ಸಾಲು ತೋರಿಸಿದರು: ನೀರಿನಿಂದ ಆದ ಹಾನಿ ಗ್ರಾಹಕರ ಹೊಣೆ. ರಿಪೇರಿ ಖರ್ಚು ನಮ್ಮದು. ಬಿಡಿಭಾಗ ಬರುವ ತನಕ ಬದಲಿ ಮಷೀನ್ ಇಲ್ಲ.

ಅಷ್ಟು ದಿನ ಬಾಗಿಲು ತೆಗೆದು ಕೂತರೂ ಕೊಡಲು ಕಾಫಿ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬರುತ್ತಿದ್ದವರು ಎರಡು ದಿನ ಕೇಳಿದರು, ಆಮೇಲೆ ಬೇರೆ ದಾರಿ ನೋಡಿಕೊಂಡರು. ಅವರನ್ನು ದೂರಲಾರೆ. ಬೆಳಗಿನ ಅಭ್ಯಾಸ ಒಮ್ಮೆ ಬೇರೆ ಕಡೆಗೆ ತಿರುಗಿದರೆ ವಾಪಸ್ ತರುವುದು ಎಷ್ಟು ಕಷ್ಟ ಅಂತ ಅಂಗಡಿ ನಡೆಸಿದವರಿಗೇ ಗೊತ್ತು. ಬಾಡಿಗೆ, ಸಂಬಳ ನಿಲ್ಲಲಿಲ್ಲ. ತಿಂಗಳ ಕೊನೆಗೆ ಬಂದ ಬಿಲ್ ನೋಡಿ ತಂಗಿ ಅತ್ತುಬಿಟ್ಟಳು. ಮಷೀನ್ ಅವರದ್ದೇ, ಕೆಟ್ಟು ನಿಂತಿದೆ ಅಂತ ಅವರಿಗೇ ಗೊತ್ತು. ಆದರೂ 40 ಕಿಲೋದ ಲೆಕ್ಕ ಹಾಗೇ ಹಾಕಿದ್ದರು.

ಬಿಟ್ಟುಬಿಡೋಣ ಅಂದರೆ ಅದಕ್ಕೂ ದಾರಿ ಮುಚ್ಚಿತ್ತು. ಮಧ್ಯದಲ್ಲಿ ಕರಾರು ಮುರಿದರೆ ಉಳಿದ ಅಷ್ಟೂ ತಿಂಗಳ ಕನಿಷ್ಠ ಬೀಜದ ದುಡ್ಡು ಒಟ್ಟಿಗೆ ಕಟ್ಟಬೇಕು. ಐದು ವರ್ಷದ ಕರಾರು ಅದು. ಅಂಗಡಿಯ ಬಾಡಿಗೆ ಕರಾರು ಇದ್ದಿದ್ದು ಮೂರು ವರ್ಷಕ್ಕೆ. ಅಂದರೆ ಜಾಗ ಖಾಲಿ ಮಾಡಿದ ಮೇಲೂ ಎರಡು ವರ್ಷ ಬೀಜ ಕೊಳ್ಳುತ್ತಿರಬೇಕು.

ನಮಗೆ ದಾರಿ ತೋರಿಸಿದ್ದು ಬೇರೆ ಕಡೆ ಮಷೀನ್ ರಿಪೇರಿ ಮಾಡುವ ಒಬ್ಬ ಹಿರಿಯ ಟೆಕ್ನಿಷಿಯನ್. ಅವರು ಬಂದವರೇ ಕೆಳಗಿನ ತಟ್ಟೆ ತೆಗೆದು, ಒಳಗಿದ್ದ ಲೋಹದ ಫಲಕ ಒರೆಸಿ ತೋರಿಸಿದರು. “ನೋಡಮ್ಮ, ಇದು ಹೊಸದಲ್ಲ. ಮೈ ಮಾತ್ರ ಪಾಲಿಶ್ ಮಾಡಿದ್ದಾರೆ.” ತಯಾರಾದ ವರ್ಷ, ಸೀರಿಯಲ್ ನಂಬರ್ ಎರಡೂ ಅದರ ಮೇಲೆ ಇದ್ದವು. ಕರಾರಿನಲ್ಲಿ ‘ಹೊಸ ಮಷೀನ್’ ಅಂತ ಬರೆದಿದ್ದರು. ಆ ಒಂದು ಫೋಟೊ, ಅನುಬಂಧ ತಡವಾಗಿ ಬಂದದ್ದಕ್ಕೆ ಸಾಕ್ಷಿಯಾದ ಇಮೇಲ್, ಉತ್ತರ ಬಾರದ ನಮ್ಮ ಮೆಸೇಜ್‌ಗಳು, ಇವನ್ನೆಲ್ಲ ವಕೀಲರ ಮುಂದೆ ಇಟ್ಟೆವು. ಪತ್ರ ಹೋಯಿತು. ತುಂಬ ಎಳೆದಾಡಿ ಕೊನೆಗೆ ರಾಜಿಗೆ ಬಂದರು. ಉಳಿದ ತಿಂಗಳ ಬೇಡಿಕೆ ಬಿಟ್ಟರು, ಡಿಪಾಸಿಟ್ ಕೊಡಲಿಲ್ಲ.

ಈಗ ನಮ್ಮಲ್ಲಿರುವುದು ಸೆಕೆಂಡ್ ಹ್ಯಾಂಡ್ ಮಷೀನ್. ಅದೇ ಟೆಕ್ನಿಷಿಯನ್ ಬಾಯ್ಲರ್ ಬಿಚ್ಚಿ ನೋಡಿದ ಮೇಲೆ ಕೊಂಡಿದ್ದು. ಬೀಜವನ್ನು ವಾರಕ್ಕೆ ಬೇಕಾದಷ್ಟೇ ತರುತ್ತೇವೆ.

ನೀವು ಮಷೀನ್ ಸಹಿತದ ಕರಾರನ್ನೇ ಮಾಡಿಕೊಳ್ಳುವುದಾದರೆ ಅನುಬಂಧ ಕೈಗೆ ಬರುವ ತನಕ ಡಿಪಾಸಿಟ್ ಕೊಡಬೇಡಿ. ಪ್ರತಿ ಪುಟಕ್ಕೂ ನೀವೂ ಕಂಪನಿಯವರೂ ಸಹಿ ಹಾಕಿ. ಮೊದಲ ಆರು ತಿಂಗಳು ಕನಿಷ್ಠ ಪ್ರಮಾಣ ಬೇಡ ಅಂತ ಕೇಳಿ, ನಿಜವಾಗಿ ನಿಮ್ಮ ಅಂಗಡಿ ಉಳಿಯಬೇಕು ಅನ್ನುವವರು ಒಪ್ಪುತ್ತಾರೆ. ಮಷೀನ್ ನಿಂತ ದಿನಗಳನ್ನು ಲೆಕ್ಕದಿಂದ ಬಿಡಬೇಕು ಅಂತ ಬರೆಸಿ. ಎಷ್ಟು ಗಂಟೆಯೊಳಗೆ ಸರ್ವೀಸ್‌ಗೆ ಬರಬೇಕು, ಬರದಿದ್ದರೆ ಬದಲಿ ಮಷೀನ್ ಕೊಡಬೇಕು ಅನ್ನುವುದನ್ನೂ ಬರೆಸಿ. ನೀರಿನ ಪರೀಕ್ಷೆಯ ವರದಿ, ಕಾರ್ಟ್ರಿಡ್ಜ್‌ನ ಹೆಸರು, ಬದಲಿಸುವ ಲೀಟರ್ ಲೆಕ್ಕ ಎಲ್ಲವೂ ಅವರ ಸಹಿಯೊಂದಿಗೆ ಇರಲಿ. ಮಷೀನ್ ಕರಾರಿನ ಅವಧಿ ಬಾಡಿಗೆ ಕರಾರಿಗಿಂತ ಒಂದು ದಿನವೂ ಜಾಸ್ತಿ ಬೇಡ. ವೈಯಕ್ತಿಕ ಗ್ಯಾರಂಟಿ ಅನ್ನುವ ಸಾಲು ಕಂಡರೆ ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ, ಅಂಗಡಿ ಮುಚ್ಚಿದರೂ ಅದು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ.

ಈಗಾಗಲೇ ಇಂಥ ಕರಾರಿನಲ್ಲಿ ಇರುವವರು ತನ್ನಿಂತಾನೇ ನವೀಕರಣವಾಗುವ ಸಾಲು ಇದೆಯಾ ಅಂತ ಇವತ್ತೇ ನೋಡಿ. ನಮ್ಮದರಲ್ಲಿ 90 ದಿನ ಮೊದಲೇ ಬರಹದಲ್ಲಿ ಬೇಡ ಅನ್ನದಿದ್ದರೆ ಇನ್ನೂ ಐದು ವರ್ಷ ಮುಂದುವರಿಯುತ್ತದೆ ಅಂತಿತ್ತು. ಆ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಪತ್ರವನ್ನು ಸ್ವೀಕೃತಿ ಸಿಗುವ ಹಾಗೆ ಕಳಿಸಿ. ಫೋನಿನಲ್ಲಿ ಹೇಳಿದ್ದನ್ನು ಅವರು ಒಪ್ಪುವುದಿಲ್ಲ.