ಹೊಟ್ಟಿಗಿ ಬ್ಯಾಕ್ಟೀರಿಯಾದ ಸ್ಯಾಶೆ: ಐದು ತಿಂಗಳು ತಗೊಂಡ ಮ್ಯಾಲ ಬರೀಲಿಕತ್ತೀನಿ

ನನಗ ಅಲ್ಸರೇಟಿವ್ ಕೊಲೈಟಿಸ್ ಐತಿ, ಅಂದ್ರ ದೊಡ್ಡ ಕರುಳಿನ್ಯಾಗ ಉರಿಯೂತ ಆಗಿ ಹುಣ್ಣು ಬೀಳೂ ರೋಗ, ಎರಡು ವರ್ಷದ ಹಿಂದ ಕೊಲೊನೋಸ್ಕೋಪಿ ಮಾಡಿಸಿದಾಗ ಗೊತ್ತಾತು. ವಿಜಯಪುರದಾಗ ಸಾಲಿ ಟೀಚರ್ ನಾನು. ಹೋದ ಬ್ಯಾಸಿಗಿ ರಜಾಕ್ಕಿಂತ ಮೊದ್ಲ ಮತ್ತ ಜೋರಾತು, ಒಂದು ಪೀರಿಯಡ್ ಮುಗಿಯೂದ್ರೊಳಗ ಎರಡು ಸಲ ಮಕ್ಕಳನ್ನ ಬಿಟ್ಟು ಓಡಬೇಕಾಗ್ತಿತ್ತು, ರಕ್ತ ಬ್ಯಾರೆ ಬೀಳ್ತಿತ್ತು, ಇದನ್ನ ಸ್ಟಾಫ್ ರೂಮಿನ್ಯಾಗ ಯಾರ ಮುಂದ ಹೇಳೂದು ಹೇಳ್ರಿ. ಕರುಳಿನ ಉರಿಯೂತ ಇಳಿಸೋ ಮೆಸಾಲಮಿನ್ ಗುಳಿಗಿ ಮೊದ್ಲಿಂದ ನಡೆದಿತ್ತು, ಡಾಕ್ಟರ್ ಅದ್ರ ಜೋಡಿ ರಾತ್ರಿ ಎನಿಮಾ ಹೇಳಿದ್ರು, ಮತ್ತ 8 ತಳಿ ಬ್ಯಾಕ್ಟೀರಿಯಾ ಇರೋ ಪ್ರೊಬಯೋಟಿಕ್ ಸ್ಯಾಶೆ ಬರದ್ರು, ಮುಂಜಾನೆ ಒಂದು ಸಂಜಿಕ್ ಒಂದು. "ಟೀಚರ್, ಗುಳಿಗಿ ಬಿಟ್ಟು ಬರೇ ಇದನ್ನ ತಗೋತೀನಿ ಅಂದ್ರ ನಾ ಬರದ ಕೊಡೂದಿಲ್ಲ ನೋಡ್ರಿ" ಅಂತ ಅಲ್ಲೇ ಹೇಳಿಬಿಟ್ರು. ಈ ಮಾತು ನೀವೂ ನೆನಪಿಟ್ಟುಕೊಂಡ ಮುಂದ ಓದ್ರಿ.

ಮೊದ್ಲನೇ ಪ್ಯಾಕ್ ಆನ್‌ಲೈನ್‌ದಾಗ ತರಿಸಿ ಕೆಟ್ಟೆ. ಮೇ ತಿಂಗಳು, ನಮ್ಮ ಊರಾಗ 40 ಡಿಗ್ರಿ ದಾಟಿದ ಬಿಸಲು, ಕೊರಿಯರ್ ಹುಡುಗ ಮಧ್ಯಾಹ್ನ ಎರಡಕ್ಕ ತಂದುಕೊಟ್ಟಾಗ ಡಬ್ಬಿ ಕೈಗೆ ಬೆಚ್ಚಗ ಹತ್ತಿತು, ಒಳಗ ಐಸ್ ಪ್ಯಾಕ್ ಇಲ್ಲ ಥರ್ಮಾಕೋಲ್ ಇಲ್ಲ, ಬರೇ ಒಂದು ರಟ್ಟಿನ ಡಬ್ಬಿ. ಡಬ್ಬಿ ಮ್ಯಾಲೆ 2ರಿಂದ 8 ಡಿಗ್ರಿಯೊಳಗ ಇಡ್ರಿ ಅಂತ ದಪ್ಪ ಅಕ್ಷರದಾಗ ಬರದೈತಿ! ಇವು ಜೀವ ಇರೋ ಬ್ಯಾಕ್ಟೀರಿಯಾರಿ, ಒಣಗಿಸಿ ಪುಡಿ ಮಾಡಿರ್ತಾರ, ಕಾವು ಮತ್ತ ತೇವ ಹತ್ತಿದಂಗ ಸಾಯ್ಕೋತ ಹೋಗ್ತಾವ, ಸತ್ತ ಪುಡಿ ನೋಡಾಕ ಹಂಗೇ ಬಿಳಿ ಇರ್ತೈತಿ, ನಮಗ ಗೊತ್ತಾಗೂದಿಲ್ಲ. ಮೂರು ವಾರ ತಗೊಂಡೆ, ಹೊಟ್ಟಿ ಉಬ್ಬರಿಸೂದ ಬಿಟ್ಟು ಏನೂ ಆಗಲಿಲ್ಲ. ಕಂಪ್ಲೇಂಟ್ ಕೊಟ್ರ ರೊಕ್ಕ ವಾಪಸ್ ಇಲ್ಲ ಅಂದ್ರು.

ಆಮ್ಯಾಲ ನಮ್ಮ ತಂಗಿ ಗಾಂಧಿ ಚೌಕ ಹತ್ರ ಇರೋ ಒಂದು ಮೆಡಿಕಲ್ ತೋರಿಸಿದ್ಳು. ಈ ರಿವ್ಯೂ ಅರ್ಧ ಆ ಅಂಗಡಿಗೇ ಸಲ್ಲಬೇಕು. ಅಲ್ಲಿ ಕಾಕಾ ಸ್ಯಾಶೆ ಫ್ರಿಜ್‌ದಾಗ ಇಟ್ಟಿರ್ತಾರ, ಫ್ರಿಜ್ ಒಳಗ ಥರ್ಮಾಮೀಟರ್ ಐತಿ, ಕರೆಂಟ್ ಹೋದ್ರ ಅಂತ ಇನ್ವರ್ಟರ್‌ಗೆ ಜೋಡಿಸ್ಯಾರ, ಕೇಳಿದ್ರ ತೆಗದು ತೋರಸ್ತಾರ. ಕೊಡೂವಾಗ ಸಣ್ಣ ಐಸ್ ಪ್ಯಾಕ್ ಹಾಕಿ ಕಟ್ಟಿ, "ಅಕ್ಕಾರ, ಬಜಾರ ಮಾಡ್ಕೊಂಡ ಹೋಗಬ್ಯಾಡ್ರಿ, ಸೀದಾ ಮನಿಗೆ ಹೋಗಿ ಫ್ರಿಜ್‌ನ್ಯಾಗ ಇಡ್ರಿ" ಅಂತ ಪ್ರತಿ ಸಲ ಹೇಳ್ತಾರ. ಎಕ್ಸ್‌ಪೈರಿ ಹತ್ರ ಇದ್ರ ತಾವೇ ಹೇಳ್ತಾರ.

ಇನ್ನ ಕೆಲಸ ಮಾಡ್ತೈತೋ ಇಲ್ಲೋ. ಈ ಅಂಗಡಿ ಸ್ಯಾಶೆನ ತಣ್ಣೀರಾಗ ಇಲ್ಲಾ ಮಸರಾಗ ಕಲಿಸಿ ತಗೊಂಡೆ, ಬಿಸಿ ಹಾಲು ಚಾದಾಗ ಹಾಕಬಾರ್ದು, ಸಾಯ್ತಾವ. ಮೊದ್ಲ ವಾರ ಗ್ಯಾಸ್ ಆತು, ತಾನ ಕಡಿಮಿ ಆತು. ನಾಕನೇ ವಾರಕ್ಕ ರಕ್ತ ನಿಂತಿತ್ತು, ದಿನಕ್ಕ ಏಳೆಂಟು ಸಲ ಹೋಗೂದು ಎರಡಕ್ಕ ಇಳೀತು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್, ಅಂದ್ರ ಕರುಳಿನ ಉರಿಯೂತ ಅಳಿಯೂ ಟೆಸ್ಟ್, ಮೊದ್ಲ 480 ಇದ್ದದ್ದು ಮೂರು ತಿಂಗಳಿಗೆ 140ಕ್ಕ ಬಂತು. ಆದ್ರ ಅದೇ ಹೊತ್ತಿಗೆ ಎನಿಮಾನೂ ನಡೆದಿತ್ತಲ್ರಿ, ಹಿಂಗಾಗಿ ಪೂರಾ ಯಶಸ್ಸು ಸ್ಯಾಶೆಗೇ ಕೊಡಾಕ ನನ್ನ ಮನಸ್ಸು ಒಪ್ಪೂದಿಲ್ಲ.

ಸುಮ್ನ ನಂಬಿ ತಗೋತಿಲ್ಲ ಮತ್ತ. ಇಂಥದ್ದೇ 8 ತಳಿ ಪುಡಿ ಮ್ಯಾಲ ನಮ್ಮ ದೇಶದಾಗ ಪರೀಕ್ಷೆ ಆಗೈತಿ, 2009ರಾಗ ಪ್ರಕಟ ಆತು, 147 ಮಂದಿ ಕೊಲೈಟಿಸ್ ಇದ್ದವ್ರು, 12 ವಾರಕ್ಕ ರೋಗ ಶಾಂತ ಆದವ್ರು ಪುಡಿ ತಗೊಂಡವ್ರಾಗ ಶೇ. 42.9, ಬ್ಯಾಕ್ಟೀರಿಯಾ ಇಲ್ಲದ ಖಾಲಿ ಪುಡಿ ತಗೊಂಡವ್ರಾಗ ಶೇ. 15.7. ಅಂದ್ರ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪುಡಿ ತಗೊಂಡ್ರೂ ಪೂರಾ ಶಾಂತ ಆಗಲಿಲ್ಲ, ಅದನ್ನೂ ನೋಡ್ರಿ. 2020ರಾಗ ಅಮೆರಿಕದ ಹೊಟ್ಟಿ ಡಾಕ್ಟರರ ಸಂಘ ಕೊಲೈಟಿಸ್‌ಗೆ ಪ್ರೊಬಯೋಟಿಕ್ ಬರೇ ಸಂಶೋಧನಾ ಪರೀಕ್ಷೆಯೊಳಗ ಇರಲಿ ಅಂತ ಹೇಳೈತಿ, ಪುರಾವೆ ಸಾಲದು ಅಂತ. ಹಿಂಗಾಗಿ ಡಾಕ್ಟರ್ ಹೇಳದೇ ಯಾರೂ ಶುರು ಮಾಡಬ್ಯಾಡ್ರಿ. ನಮ್ಮ ಕಾಕಾನ ಮಗಗ ಕ್ರೋನ್ಸ್ ಅನ್ನೋ ಇನ್ನೊಂದು ಕರುಳಿನ ಉರಿಯೂತದ ರೋಗ ಐತಿ, ಅವಗ ಇದೇ ಡಾಕ್ಟರ್ ಬ್ಯಾಡ ಅಂದ್ರು, ಆ ರೋಗಕ್ಕ ಸರಿಯಾದ ಪುರಾವೆ ಇಲ್ಲಂತ.

ನನಗ ಭಾಳ ಹಿಡಿಸಿದ ಸಂಗತಿ ಒಂದು ಹೇಳ್ತೀನಿ. 1917ರಾಗ, ಮೊದಲ ಮಹಾಯುದ್ಧದ ಹೊತ್ನ್ಯಾಗ, ಜರ್ಮನಿಯ ಡಾಕ್ಟರ್ ಆಲ್ಫ್ರೆಡ್ ನಿಸ್ಲೆ ಒಬ್ಬ ಸೈನಿಕನ ಮಲದಾಗಿಂದ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾದ ಒಂದು ತಳಿ ತೆಗದ್ರು. ಉಳಿದ ಸೈನಿಕರಿಗೆಲ್ಲ ಬೇಧಿ, ಇವಗ ಮಾತ್ರ ಏನೂ ಇಲ್ಲ! ಇ. ಕೋಲಿ ಅಂದ್ರ ಕೆಟ್ಟದ್ದು ಅಂತಷ್ಟೇ ತಿಳ್ಕೊಂಡಿದ್ದೆ ನಾನು. ಆ ತಳಿ 2004ರ ಒಂದು ಪರೀಕ್ಷೆದಾಗ, 327 ಮಂದಿ ಮ್ಯಾಲ ಒಂದು ವರ್ಷ ನೋಡಿದಾಗ, ರೋಗ ಮರಳಿ ಬರದಂಗ ತಡಿಯೂದ್ರಾಗ ಮೆಸಾಲಮಿನ್‌ಗೆ ಹೆಚ್ಚುಕಡಿಮಿ ಸಮ ನಿಂತಿತ್ತು. ನನ್ನ ಸ್ಯಾಶೆದಾಗ ಆ ತಳಿ ಇಲ್ಲ, ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋ, ಸ್ಟ್ರೆಪ್ಟೋಕಾಕಸ್ ಜಾತಿಯವು ಅದಾವ. ತಳಿ ಬ್ಯಾರೆ ಆದ್ರ ಕೆಲಸನೂ ಬ್ಯಾರೆ, ಆದ್ದರಿಂದ ಅಂಗಡ್ಯಾಗ "ಯಾವದರ ಪ್ರೊಬಯೋಟಿಕ್ ಕೊಡ್ರಿ" ಅನಬ್ಯಾಡ್ರಿ, ಬರದ ಕೊಟ್ಟಿದ್ದನ್ನೇ ಕೇಳ್ರಿ.

ನಮ್ಮ ಅತ್ತಿ "ಮನ್ಯಾಗ ಎಮ್ಮಿ ಮಸರು ಇರೂವಾಗ ರೊಕ್ಕ ಕೊಟ್ಟು ಹುಳಾ ಯಾಕ ತಿಂತಿ" ಅಂತ ಕೇಳಿದ್ರು, ಕೇಳೂದು ಸರಿನೂ ಐತಿ. ಮಸರಾಗೂ ಒಳ್ಳೇ ಬ್ಯಾಕ್ಟೀರಿಯಾ ಇರ್ತಾವ, ಆದ್ರ ಯಾವ ತಳಿ ಎಷ್ಟು ಅಂತ ಗೊತ್ತಿರೂದಿಲ್ಲ, ಹೊಟ್ಟಿ ಆಸಿಡ್ ದಾಟಿ ಎಷ್ಟು ಉಳೀತಾವ ಅನ್ನೂದೂ ಗೊತ್ತಿರೂದಿಲ್ಲ. ನಾನು ಎರಡೂ ತಿಂತೀನಿ. ರೋಗ ಜೋರಿದ್ದಾಗ ಜ್ವಾಳದ ರೊಟ್ಟಿ ಬಿಟ್ಟು ಮೆತ್ತಗ ಅನ್ನ ಮಜ್ಜಿಗಿ ಉಣ್ತಿದ್ದೆ, ಈಗ ಮತ್ತ ರೊಟ್ಟಿ ಶೇಂಗಾ ಹಿಂಡಿಗೆ ಬಂದೀನಿ, ಅದು ನನಗ ದೊಡ್ಡ ಸಂತೋಷ.

ದೊಡ್ಡ ತ್ರಾಸು ಖರ್ಚಿಂದು. ತಿಂಗಳಿಗೆ ಗುಳಿಗಿಗಿಂತ ಸ್ಯಾಶೆಗೇ ಜಾಸ್ತಿ ಹೋಗ್ತೈತಿ, ಪಗಾರದಾಗ ಹೊಂದಸೂದು ಕಷ್ಟ. ಸ್ಟೀರಾಯ್ಡ್ ಇಲ್ಲಾ ರೋಗನಿರೋಧಕ ಶಕ್ತಿ ಇಳಿಸೋ ಔಷಧ ತಗೊಳ್ಳೋರು ಮೊದ್ಲ ಡಾಕ್ಟರಿಗೆ ಹೇಳಬೇಕು, ಜೀವ ಇರೋ ಬ್ಯಾಕ್ಟೀರಿಯಾ ಅದಾವಲ್ಲ. ಸ್ಯಾಶೆಗೆ 5ಕ್ಕ 3 ಕೊಡ್ತೀನಿ, ಅಂಗಡಿಗೆ 5ಕ್ಕ 5. ಭಾನುವಾರ ಮಧ್ಯಾಹ್ನ ಆದ ಮ್ಯಾಲ ಬಂದ್ ಇರ್ತೈತಿ, ಸ್ಟಾಕ್ ಬೇಕಂದ್ರ ಎರಡು ದಿನ ಮೊದ್ಲ ಕಾಕಾಗ ಹೇಳಿಡ್ರಿ.