ಒಂದು ಕಿಟಕಿಗೆ ಎರಡು ಹೊದಿಕೆ: ನಾಲ್ಕು ಜೋಡಿ ಹಾಕಿ ನೋಡಿದ ಮೇಲೆ

ನಮ್ಮ ನಡುಮನೆಯ ಕಿಟಕಿ ಪಶ್ಚಿಮಕ್ಕಿದೆ. ಅಗಲ 180 ಸೆಂ.ಮೀ., ಎತ್ತರ 140. ಮಧ್ಯಾಹ್ನ ಮೂರರವರೆಗೆ ಮನೆಯಲ್ಲಿ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮೂರು ದಾಟಿತೆಂದರೆ ಬಿಸಿಲು ಓರೆಯಾಗಿ ನುಗ್ಗಿ ಟೀವಿಯಲ್ಲಿ ಏನೂ ಕಾಣದಂತಾಗುತ್ತದೆ, ಸೋಫಾ ಕಾದುಹೋಗುತ್ತದೆ. ಕತ್ತಲಾಗಿ ದೀಪ ಹಾಕಿದರೆ ಎದುರು ಮನೆಯ ಮಹಡಿಯವರಿಗೆ ನಮ್ಮ ಇಡೀ ಕೋಣೆ ಕಾಣುತ್ತದೆ. ಮಲಗುವ ಕೋಣೆಯ ಕಿಟಕಿ ಪೂರ್ವಕ್ಕೆ. ಅಲ್ಲಿ ಒಂದೇ ತೊಂದರೆ, ಬೆಳಗ್ಗೆ ಐದೂವರೆಗೇ ಕಣ್ಣಿಗೆ ಬೆಳಕು.

ಎರಡಕ್ಕೂ ಮೊದಲು ಒಂದೊಂದು ದಪ್ಪ ಪರದೆ ಇತ್ತು. ಎಳೆದರೆ ಕತ್ತಲೆ, ಸರಿಸಿದರೆ ಬಟಾಬಯಲು. ನಡುವಿನ ಹದ ಎನ್ನುವುದೇ ಇರಲಿಲ್ಲ. ಹಾಗಾಗಿ ಎರಡು ಹೊದಿಕೆಗಳ ಜೋಡಿಗೆ ಕೈಹಾಕಿದೆ. ಎರಡು ವರ್ಷದಲ್ಲಿ ನಾಲ್ಕು ಜೋಡಿ ಹಾಕಿ, ಬಿಚ್ಚಿ, ಒಂದು ಕಿಟಕಿಯದನ್ನು ಇನ್ನೊಂದಕ್ಕೆ ಹಾಕಿ ನೋಡಿದ್ದೇನೆ. ಒಂದೊಂದನ್ನೂ ಕನಿಷ್ಠ ಮೂರು ತಿಂಗಳು ಬಳಸಿದ್ದೇನೆ. ಇದರಲ್ಲಿ ನನಗೆ ಖಚಿತವಾದದ್ದು ಒಂದೇ: ಜೋಡಿಯ ಎರಡೂ ಹೊದಿಕೆಗಳಿಗೆ ಬೇರೆ ಬೇರೆ ಕೆಲಸ ಇರಬೇಕು. ಒಂದು ಬೆಳಕನ್ನು ಹದ ಮಾಡಿದರೆ ಇನ್ನೊಂದು ಪೂರ್ತಿ ಮುಚ್ಚಬೇಕು. ಎರಡಕ್ಕೂ ಒಂದೇ ಕೆಲಸ ಕೊಟ್ಟರೆ ಖರ್ಚು ಎರಡು ಪಾಲು, ಧೂಳೂ ಎರಡು ಪಾಲು. ಈ ಮಾತಿಗೆ ಮಲಗುವ ಕೋಣೆ ಮಾತ್ರ ಹೊರತು. ಅದು ಯಾಕೆಂದು ಮುಂದೆ ಹೇಳುತ್ತೇನೆ.

ತೆಳುಪರದೆ ಮತ್ತು ದಪ್ಪ ಪರದೆ

ನಡುಮನೆಯಲ್ಲಿ ಮೊದಲು ಹಾಕಿದ್ದು ಇದನ್ನೇ. ಎರಡು ರಾಡ್ ಹಿಡಿಯುವ ಬ್ರ್ಯಾಕೆಟ್, ಹಿಂದಿನ ರಾಡಿಗೆ ತೆಳುಪರದೆ, ಮುಂದಿನದಕ್ಕೆ ದಪ್ಪ ಬಟ್ಟೆ. ನೋಡಲು ನಾಲ್ಕರಲ್ಲಿ ಇದೇ ಚಂದ, ಅದನ್ನು ಈಗಲೂ ಒಪ್ಪುತ್ತೇನೆ. ಆದರೆ ಆ ಚಂದವೆಲ್ಲ ನೆರಿಗೆಯಲ್ಲಿದೆ. ಮೊದಲ ಸಲ ಬಟ್ಟೆ ಉಳಿಸಲು ಹೋಗಿ ರಾಡಿನ ಉದ್ದದ ಒಂದೂವರೆ ಪಟ್ಟು ಮಾತ್ರ ತೆಳುಬಟ್ಟೆ ತಂದಿದ್ದೆ. ಎಳೆದಾಗ ನೆರಿಗೆಯೇ ಉಳಿಯದೆ ಹಗ್ಗಕ್ಕೆ ಒಣಹಾಕಿದ ಹಾಳೆಯಂತೆ ಸಪಾಟಾಯಿತು. ತೆಳುಬಟ್ಟೆಗೆ ಎರಡರಿಂದ ಎರಡೂವರೆ ಪಟ್ಟು ಬೇಕೇ ಬೇಕು. ದಪ್ಪ ಬಟ್ಟೆಗೆ ಒಂದೂವರೆಯಿಂದ ಎರಡು ಪಟ್ಟು ಸಾಕು. ನಮ್ಮ ರಾಡ್ 220 ಸೆಂ.ಮೀ., ಆದ್ದರಿಂದ ಎರಡನೇ ಸಲ ಐದೂವರೆ ಮೀಟರ್ ಅಗಲ ಬರುವಂತೆ ಹೊಲಿಸಿದೆ. ಆಗ ಪರದೆಗೆ ಒಂದು ಇಳಿತ ಬಂತು.

ತೆಳುಪರದೆಯ ಕೆಲಸವನ್ನು ಹಲವರು ತಪ್ಪಾಗಿ ತಿಳಿದಿರುತ್ತಾರೆ. ಕಣ್ಣಿಗೆ ಮರೆಯಾಗುವುದು ಬಟ್ಟೆಯಿಂದಲ್ಲ, ಎರಡು ಬದಿಯ ಬೆಳಕಿನ ವ್ಯತ್ಯಾಸದಿಂದ. ಹಗಲು ಹೊರಗೆ ಬೆಳಕು ಹೆಚ್ಚು, ಹಾಗಾಗಿ ಹೊರಗಿನವರಿಗೆ ಬಿಳಿ ಬಟ್ಟೆಯಷ್ಟೇ ಕಾಣುತ್ತದೆ, ಒಳಗಿನ ನಮಗೆ ಹೊರಗೆಲ್ಲ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಾಕಿದ ಕೂಡಲೇ ಇದು ತಿರುವುಮುರುವು. ಆದ್ದರಿಂದ ಸಂಜೆ ದಪ್ಪ ಪರದೆ ಎಳೆಯಲೇಬೇಕು. ಹಗಲಿಗೆ ಒಂದು, ರಾತ್ರಿಗೆ ಒಂದು. ಕೆಲಸ ಹಂಚಿಕೆ ಸರಿಯಾಗಿಯೇ ಇದೆ.

ಜೋಡಿ ಸೋತದ್ದು ಮೂರರಿಂದ ಆರರ ನಡುವೆ. ಓರೆ ಬಿಸಿಲು ನೇರವಾಗಿ ಬಡಿದಾಗ ತೆಳುಪರದೆ ಅದನ್ನು ತಡೆಯುವುದಿಲ್ಲ, ಚದುರಿಸುತ್ತದೆ. ಇಡೀ ಬಟ್ಟೆಯೇ ಬೆಳಗುವ ಗೋಡೆಯಾಗಿ ಕಣ್ಣು ಕುಕ್ಕುತ್ತದೆ. ದಪ್ಪ ಪರದೆ ಎಳೆದರೆ ನಾಲ್ಕು ಗಂಟೆಗೇ ದೀಪ ಹಾಕಬೇಕು. ನಮಗೆ ಬೇಕಾಗಿದ್ದದ್ದು ಈ ಮೂರು ಗಂಟೆಗೆ ಉತ್ತರ, ಅದೇ ಇದರಲ್ಲಿ ಸಿಗಲಿಲ್ಲ.

ಗಾಳಿಗೆ ಮಾತ್ರ ಇದನ್ನು ಮೀರಿಸಿದ್ದು ಇಲ್ಲ. ಕಿಟಕಿ ತೆರೆದರೆ ತೆಳುಪರದೆ ಹಾಯಿಯಂತೆ ಉಬ್ಬಿ ಗಾಳಿ ಒಳಗೆ ಬಿಡುತ್ತದೆ.

ಈ ಜೋಡಿ ಹಾಕುವವರಿಗೆ ಎರಡು ಮಾತು. ಎರಡೂ ಪರದೆಗೆ ಐಲೆಟ್, ಅಂದರೆ ರಾಡ್ ತೂರಿಸಲು ಬಟ್ಟೆಗೇ ಕೂರಿಸುವ ಬಳೆ, ಹಾಕಿಸಬೇಡಿ. ಐಲೆಟ್ ಪರದೆಯ ಅಲೆ ರಾಡಿನ ಎರಡೂ ಬದಿಗೆ ಚಾಚುವುದರಿಂದ ಮುಂದಿನದು ಹಿಂದಿನದಕ್ಕೆ ಉಜ್ಜಿ, ಒಂದನ್ನು ಎಳೆದರೆ ಇನ್ನೊಂದೂ ಜೊತೆಗೆ ಬರುತ್ತದೆ. ಹಿಂದಿನದಕ್ಕೆ ಕೊಕ್ಕೆ ಹಾಕಿ ಹೊಲಿದ ನೆರಿಗೆ ಇರಲಿ. ಮತ್ತೆ, ಹತ್ತಿ ಬಟ್ಟೆಯಾದರೆ ಹೊಲಿಸುವ ಮುಂಚೆ ಒಮ್ಮೆ ಒಗೆಯಿರಿ. ನೂರಕ್ಕೆ ಐದು ಪಾಲು ಕುಗ್ಗಿದರೂ 230 ಸೆಂ.ಮೀ. ಪರದೆ ಹನ್ನೊಂದೂವರೆ ಸೆಂ.ಮೀ. ಗಿಡ್ಡವಾಗುತ್ತದೆ. ನನ್ನ ಮೊದಲ ಪರದೆ ಎರಡು ಒಗೆತಕ್ಕೆ ನೆಲದಿಂದ ಒಂದು ಗೇಣು ಮೇಲೆ ನಿಂತಿತು, ಅಂಚಿನಲ್ಲಿ ಬಿಚ್ಚಲು ಬಟ್ಟೆಯನ್ನೂ ಬಿಟ್ಟಿರಲಿಲ್ಲ.

ಬ್ಲ್ಯಾಕೌಟ್ ರೋಲರ್ ಮತ್ತು ತೆಳುಪರದೆ

ಇದು ಮಲಗುವ ಕೋಣೆಗೆ. ರೋಲರ್ ಎಂದರೆ ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಬಟ್ಟೆ, ಬ್ಲ್ಯಾಕೌಟ್ ಎಂದರೆ ಬೆಳಕು ದಾಟದ್ದು. ಬ್ಲ್ಯಾಕೌಟ್ ಬಟ್ಟೆಯನ್ನು ಬ್ಯಾಟರಿ ಬೆಳಕಿಗೆ ಹಿಡಿದು ಪರೀಕ್ಷಿಸಿಯೇ ತಂದದ್ದು, ಒಂದು ಚುಕ್ಕಿಯೂ ಕಾಣಲಿಲ್ಲ. ಚೌಕಟ್ಟಿನ ಒಳಗೆ ಅಳತೆಗೆ ಸರಿಯಾಗಿ ಕೂರಿಸಿದೆ. ಮರುದಿನ ಬೆಳಗ್ಗೆ ಐದೂವರೆಗೆ ಎರಡು ಬೆಳಕಿನ ಗೆರೆ, ಎಡಕ್ಕೊಂದು ಬಲಕ್ಕೊಂದು, ಗೋಡೆಯುದ್ದಕ್ಕೂ ಬಿದ್ದಿದ್ದವು. ಸುತ್ತುವ ಕೊಳವೆಯ ತುದಿಯ ಬ್ರ್ಯಾಕೆಟ್ಟಿಗೂ ಸರಪಳಿಯ ಗಾಲಿಗೂ ಜಾಗ ಬೇಕಾದ್ದರಿಂದ ಬಟ್ಟೆ ಎರಡೂ ಬದಿಗೆ ಒಂದೂವರೆ ಎರಡು ಸೆಂ.ಮೀ. ಒಳಗೇ ನಿಲ್ಲುತ್ತದೆ. ಬಟ್ಟೆ ಎಷ್ಟೇ ಗಟ್ಟಿಯಿರಲಿ, ಈ ಸಂದು ತಪ್ಪುವುದಿಲ್ಲ. ಮುಂದೆ ಇಳಿಬಿಟ್ಟಿದ್ದ ತೆಳುಪರದೆ ಆ ಗೆರೆಗಳನ್ನು ಇನ್ನಷ್ಟು ಅಗಲ ಮಾಡಿತು ಅಷ್ಟೆ.

ಮೂರು ತಿಂಗಳು ಅದನ್ನೇ ಸಹಿಸಿಕೊಂಡು ನಂತರ ಎರಡು ಬದಲಾವಣೆ ಮಾಡಿದೆ. ರೋಲರನ್ನು ಚೌಕಟ್ಟಿನ ಒಳಗಿಂದ ತೆಗೆದು ಹೊರಗೆ ಗೋಡೆಗೆ ಕೂರಿಸಿದೆ, ಕಿಟಕಿಗಿಂತ ಎರಡೂ ಬದಿಗೆ ಹತ್ತು ಸೆಂ.ಮೀ. ಹೆಚ್ಚು ಅಗಲದ ಬಟ್ಟೆ ಹಾಕಿಸಿ. ತೆಳುಪರದೆಯ ಜಾಗಕ್ಕೆ ಲೈನಿಂಗ್ ಹಾಕಿದ ದಪ್ಪ ಪರದೆ ತಂದು, ಅದರ ಹೊರ ಅಂಚನ್ನು ರಾಡಿನ ತುದಿಯಿಂದ ಗೋಡೆಯವರೆಗೆ ಮಡಿಸಿ ಒಂದು ಕೊಕ್ಕೆಗೆ ಸಿಕ್ಕಿಸಿದೆ. ಗೆರೆ ಹೋಯಿತು. ಎರಡೂ ಮುಚ್ಚುವ ಹೊದಿಕೆಗಳೇ ಆದರೂ ಇಲ್ಲಿ ಪರದೆಯ ಕೆಲಸ ಕಿಟಕಿ ಮುಚ್ಚುವುದಲ್ಲ, ರೋಲರಿನ ಅಂಚು ಮುಚ್ಚುವುದು. ನನ್ನ ನಿಯಮ ಮಲಗುವ ಕೋಣೆಯಲ್ಲಿ ಸಡಿಲವಾಗುವುದು ಇದಕ್ಕೇ.

ಗಾಳಿಯ ವಿಚಾರದಲ್ಲಿ ಈ ಜೋಡಿಗೆ ನಾಲ್ಕರಲ್ಲಿ ಕೊನೆಯ ಸ್ಥಾನ. ಕಿಟಕಿ ತೆರೆದಿಟ್ಟು ರೋಲರ್ ಇಳಿಸಿದರೆ ಗಾಳಿ ಅದನ್ನು ಒಮ್ಮೆ ಎಳೆದು ಒಮ್ಮೆ ನೂಕಿ, ಕೆಳಗಿನ ಪಟ್ಟಿ ರಾತ್ರಿಯೆಲ್ಲ ಗೋಡೆಗೆ ಟಕ್ ಟಕ್ ಎನ್ನುತ್ತದೆ. "ಗಾಳಿ ಬೇಕೋ ಕತ್ತಲೆ ಬೇಕೋ, ಒಂದು ಹೇಳಪ್ಪ" ಎಂದರು ಅಮ್ಮ. ನಾವು ಕತ್ತಲೆ ಎಂದೆವು.

ಸನ್‌ಸ್ಕ್ರೀನ್ ರೋಲರ್ ಮತ್ತು ಲೈನಿಂಗ್ ಪರದೆ

ಮತ್ತೆ ನಡುಮನೆಗೆ. ಸನ್‌ಸ್ಕ್ರೀನ್ ಎಂದರೆ ಸಣ್ಣ ಕಿಂಡಿಗಳಿರುವ ಜಾಲರಿ ನೇಯ್ಗೆ. 1, 3, 5, 10 ಪ್ರತಿಶತ ಎಂದು ಮಾರುವುದು ಆ ಕಿಂಡಿಗಳ ಪಾಲನ್ನು. ನಾನು ಹಾಕಿದ್ದು 5 ಪ್ರತಿಶತದ್ದು, ಮೊದಲು ಬಿಳಿ, ಆಮೇಲೆ ಕಡುಬೂದು. ಬಣ್ಣದಿಂದ ಇಷ್ಟು ವ್ಯತ್ಯಾಸವಾಗುತ್ತದೆಂದು ನಾನು ಎಣಿಸಿರಲಿಲ್ಲ. ಬಿಳಿಯದು ಬಿಸಿಲನ್ನು ಹೆಚ್ಚು ಹಿಂದಕ್ಕೆ ಅಟ್ಟುತ್ತದೆ, ಆದರೆ ತಾನೂ ಬೆಳಗಿ ಹೊರಗಿನ ನೋಟವನ್ನು ಮಂಜಾಗಿಸುತ್ತದೆ. ಕಡುಬೂದು ಬಣ್ಣದ್ದರಲ್ಲಿ ಸಂಜೆ ನಾಲ್ಕಕ್ಕೂ ಹೊರಗಿನ ಮರದ ಎಲೆಗಳು ಕಾಣುತ್ತವೆ, ಟೀವಿಯೂ ಕಾಣುತ್ತದೆ, ಆದರೆ ಬಟ್ಟೆ ಮುಟ್ಟಿದರೆ ಬೆಚ್ಚಗಿರುತ್ತದೆ. ಕಣ್ಣಿಗೆ ಹಿತ ಬೇಕಾದವರು ಕಡುಬಣ್ಣ, ತಂಪು ಬೇಕಾದವರು ತಿಳಿಬಣ್ಣ ಆರಿಸಲಿ. ರಾತ್ರಿ ಮಾತ್ರ ಎರಡೂ ತೆಳುಪರದೆಯ ಹಾಗೆಯೇ, ಒಳಗಿನದು ಹೊರಗೆ ಕಾಣುತ್ತದೆ.

ಇಲ್ಲಿ ಜೊತೆಗಿದ್ದ ಪರದೆಯಿಂದಲೂ ಕಲಿತದ್ದಿದೆ. ಮೊದಲು ಕಡುಗೆಂಪು ಬಟ್ಟೆಗೆ ಲೈನಿಂಗ್ ಇರಲಿಲ್ಲ. ಬಿಸಿಲಿನಲ್ಲಿ ಅದನ್ನು ಎಳೆದು, ಪರದೆಗೂ ಗಾಜಿಗೂ ನಡುವೆ ಕೈಯಿಟ್ಟರೆ ಬಿಸಿ ಹಬೆಯಂಥ ಗಾಳಿ. ಬಿಸಿಲು ಗಾಜು ದಾಟಿತೆಂದರೆ ಶಾಖ ಆಗಲೇ ಮನೆಯೊಳಗೆ ಬಂದಾಯಿತು. ಒಳಗಿನ ಹೊದಿಕೆ ಅದರಲ್ಲಿ ಒಂದು ಪಾಲನ್ನು ಮತ್ತೆ ಗಾಜಿನಾಚೆಗೆ ಕಳಿಸಬಲ್ಲದು, ಅದೂ ಬೆನ್ನು ಬೆಳ್ಳಗಿದ್ದರೆ. ಬಿಳಿ ಪ್ಲಾಸ್ಟಿಕ್ ಬೆನ್ನಿರುವ ಮಧ್ಯಮ ಬಣ್ಣದ ಪರದೆ ಕಿಟಕಿಯಿಂದ ಬರುವ ಶಾಖವನ್ನು ಶೇ 33ರಷ್ಟು ತಗ್ಗಿಸಬಲ್ಲದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನಾನು ಅಳೆದಿಲ್ಲ, ಆದರೆ ಬಿಳಿ ಲೈನಿಂಗ್ ಹೊಲಿಸಿದ ಮೇಲೆ ಸಂಜೆ ಫ್ಯಾನಿನ ವೇಗ ಒಂದು ಹಂತ ಇಳಿಯಿತು. ಕೆಂಪು ಬಣ್ಣ ಮಾಸುವುದೂ ನಿಂತಿತು. ಬಿಸಿಲಿಗೆ ರೇಷ್ಮೆಯಂಥ ಬಟ್ಟೆ ಹಾಕುವವರಂತೂ ಲೈನಿಂಗ್ ಬಿಡಲೇಬಾರದು, ಎಳೆಯೇ ಜೀರ್ಣವಾಗಿ ಹರಿಯುತ್ತದೆ.

ಈ ಜೋಡಿ ಏಳು ತಿಂಗಳು ಉಳಿಯಿತು. ಬಹುಶಃ ಈಗಲೂ ಇರುತ್ತಿತ್ತು, ನಾಲ್ಕನೆಯದನ್ನು ನೋಡದಿದ್ದರೆ.

ಅಡ್ಡಪಟ್ಟಿ ಬ್ಲೈಂಡ್ ಮತ್ತು ಲೈನಿಂಗ್ ಪರದೆ

ಅಡ್ಡಪಟ್ಟಿಗಳ ವೆನಿಷಿಯನ್ ಬ್ಲೈಂಡ್ ಎಂದರೆ ಕಚೇರಿಯ ನೆನಪಾಗುತ್ತದೆ ಎಂದು ನಾನೇ ದೂರವಿಟ್ಟಿದ್ದೆ. ಅದು ತಪ್ಪು. ಬೆಳಕನ್ನೂ ನೋಟವನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡಲು ಸಾಧ್ಯವಿರುವುದು ಈ ನಾಲ್ಕರಲ್ಲಿ ಇದೊಂದರಲ್ಲೇ. ಪಟ್ಟಿಗಳನ್ನು ಮಟ್ಟಸವಾಗಿಟ್ಟರೆ ಬಿಸಿಲು ಪಟ್ಟಿಯ ಮೇಲ್ಮೈಗೆ ಬಡಿದು ಸೂರಿಗೆ ಹೋಗಿ, ಅಲ್ಲಿಂದ ಕೋಣೆಗೆಲ್ಲ ಮೆತ್ತಗೆ ಇಳಿಯುತ್ತದೆ. ಐದು ದಾಟಿ ಸೂರ್ಯ ಕೆಳಗಿಳಿದಾಗ ಒಳ ಅಂಚು ಮೇಲಕ್ಕೂ ಹೊರ ಅಂಚು ಕೆಳಕ್ಕೂ ಬರುವಂತೆ ತಿರುಗಿಸುತ್ತೇನೆ. ನೇರ ಬಿಸಿಲು ನಿಲ್ಲುತ್ತದೆ, ಎದುರು ಮಹಡಿಯವರಿಗೆ ಪಟ್ಟಿ ಮಾತ್ರ ಕಾಣುತ್ತದೆ, ಬೀದಿಯಲ್ಲಿ ಹೋಗುವವರಿಗೆ ನಮ್ಮ ಸೂರು. ಅಂಚುಗಳನ್ನು ತಿರುವುಮುರುವು ಇಟ್ಟರೆ ಮಹಡಿಯವರಿಗೆ ನಮ್ಮ ನೆಲವೂ ಅದರ ಮೇಲೆ ಕೂತವರೂ ಕಾಣುತ್ತಾರೆ. ಎಷ್ಟೋ ಮನೆಗಳಲ್ಲಿ ಹೀಗೆ ತಪ್ಪು ದಿಕ್ಕಿಗೆ ಮುಚ್ಚಿದ್ದನ್ನು ನೋಡಿದ್ದೇನೆ. ಮುಚ್ಚಿದಾಗಲೂ ಪಟ್ಟಿಗಳ ನಡುವೆ ಗಾಳಿ ಆಡುತ್ತದೆ ಎಂಬುದು ಇನ್ನೊಂದು ಲಾಭ, ಜೋರು ಗಾಳಿಗೆ ಪಟಪಟ ಸದ್ದು ಮಾಡುವುದು ಅದರ ಜೊತೆಗಿನ ನಷ್ಟ.

25 ಮಿ.ಮೀ. ಪಟ್ಟಿಯೋ 50 ಮಿ.ಮೀ. ಪಟ್ಟಿಯೋ? ನಮ್ಮ ಎತ್ತರಕ್ಕೆ ಸಣ್ಣದಾದರೆ 60ಕ್ಕೂ ಹೆಚ್ಚು ಪಟ್ಟಿ, ದೊಡ್ಡದಾದರೆ ಸುಮಾರು 30. ಒಂದೊಂದನ್ನೂ ಒರೆಸಬೇಕಾದವರು ನಾವೇ, ಹಾಗಾಗಿ ಯೋಚಿಸದೆ ದೊಡ್ಡದನ್ನೇ ಆರಿಸಿದೆ. ಹೊರಗೂ ಚೆನ್ನಾಗಿ ಕಾಣುತ್ತದೆ. 180 ಸೆಂ.ಮೀ. ಅಗಲಕ್ಕೆ ಒಂದೇ ಬ್ಲೈಂಡ್ ಬೇಡ, 90ರ ಎರಡು ಹಾಕಿ ಎಂದು ಕೂರಿಸುವವರು ಹೇಳಿದ್ದನ್ನು ಕೇಳಿದ್ದು ಒಳ್ಳೆಯದಾಯಿತು. ಎತ್ತಲು ಹಗುರ, ಬಿಸಿಲು ಬೀಳುವ ಅರ್ಧವನ್ನಷ್ಟೇ ಓರೆ ಮಾಡಿ ಇನ್ನರ್ಧ ತೆರೆದಿಡಬಹುದು.

ದಾರ ಹಾಯುವ ತೂತುಗಳಿಂದ ಬೆಳಕಿನ ಚುಕ್ಕಿಗಳು ಬೀಳುವುದರಿಂದ ಇದು ಒಂಟಿಯಾಗಿ ಎಂದೂ ಕತ್ತಲೆ ಕೊಡುವುದಿಲ್ಲ. ರಾತ್ರಿ ಸಿನಿಮಾ ನೋಡುವಾಗ ಮೇಲಿನಿಂದ ಪರದೆ ಎಳೆಯುತ್ತೇವೆ. ಇಲ್ಲಿ ಕೆಲಸ ನಿಚ್ಚಳವಾಗಿ ಹಂಚಿಹೋಗಿದೆ: ಹಗಲೆಲ್ಲ ಪಟ್ಟಿ ದುಡಿಯುತ್ತದೆ, ಪರದೆ ಗೋಡೆಯ ಬದಿಗೆ ನಿಂತು ಕೋಣೆಗೆ ಬಣ್ಣ ಕೊಡುತ್ತದೆ.

ಆ ಬಣ್ಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಗಟ್ಟಿ ಗೆರೆಗಳ ಬ್ಲೈಂಡಿಗೆ ಮೆದು ಬಟ್ಟೆಯ ಇಳಿತ ಒಪ್ಪುತ್ತದೆ, ಆದರೆ ಎರಡರಲ್ಲಿ ಒಂದು ಸುಮ್ಮನಿರಬೇಕು. ನಮ್ಮ ಪಟ್ಟಿಗಳು ಚೌಕಟ್ಟಿನ ಬಣ್ಣದವೇ, ಅಲ್ಲಿವೆ ಎಂದು ತಕ್ಷಣ ಗೊತ್ತಾಗುವುದಿಲ್ಲ. ಕೆಂಪು ಪರದೆ ಮಾತ್ರ ಕಣ್ಣಿಗೆ ಬೀಳುತ್ತದೆ. ರಾಡ್ ಕಿಟಕಿಗಿಂತ ಎರಡೂ ಬದಿಗೆ 20 ಸೆಂ.ಮೀ. ಹೊರಗೆ ಚಾಚಿದೆ, 15 ಸೆಂ.ಮೀ. ಮೇಲಿದೆ. ಸರಿಸಿದಾಗ ಬಟ್ಟೆಯ ಬಹುಪಾಲು ಗಾಜಿನ ಮುಂದೆ ನಿಲ್ಲದೆ ಗೋಡೆಯ ಮುಂದೆ ನಿಲ್ಲುತ್ತದೆ, ಕಿಟಕಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಎತ್ತಿದರೆ ಮಡಿಕೆ ಮಡಿಕೆಯಾಗುವ ಬಟ್ಟೆಯ ರೋಮನ್ ಬ್ಲೈಂಡ್ ನಾನು ಹಾಕಿಲ್ಲ. ತಂಗಿಯ ಮನೆಯಲ್ಲಿದೆ, ನೋಡಲು ಬಲು ಚಂದ. ಆದರೆ ಪೂರ್ತಿ ಎತ್ತಿದಾಗಲೂ ಮಡಿಕೆಗಳೆಲ್ಲ ಮೇಲೆ ಸೇರಿ ಗಾಜಿನ ಒಂದು ಗೇಣನ್ನು ನುಂಗುತ್ತವೆ. ಅಡುಗೆಮನೆಗೆ ಬಟ್ಟೆಯದು ಯಾವುದೂ ಬೇಡ, ಒಲೆಯ ಹತ್ತಿರ ಅದು ಅಪಾಯ. ಒರೆಸಿದರೆ ಹೋಗುವ ಅಲ್ಯೂಮಿನಿಯಂ ಪಟ್ಟಿ ಸಾಕು.

ಅಳತೆ, ದಾರ

ಚೌಕಟ್ಟಿನ ಒಳಗೆ ಕೂರಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಸ್ಟೀಲ್ ಟೇಪಿನಲ್ಲಿ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಕೊಡಿ. ನಮ್ಮ ಗೋಡೆಯಲ್ಲಿ ಆರು ಮಿ.ಮೀ. ವ್ಯತ್ಯಾಸವಿತ್ತು. ಕಿಟಕಿ ಒಳಕ್ಕೆ ತೆರೆಯುತ್ತದೆಯೇ, ಹಿಡಿಕೆ ಎಷ್ಟು ಮುಂದೆ ಚಾಚಿದೆ ಎಂದೂ ನೋಡಿ.

ಇನ್ನೊಂದನ್ನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕು. ಮನೆಗೆ ಬಂದಿದ್ದ ಎರಡು ವರ್ಷದ ಮಗು ಒಂದು ದಿನ ರೋಲರಿನ ಸರಪಳಿಯ ಕುಣಿಕೆಯೊಳಗೆ ತಲೆ ತೂರಿಸಿ ನಿಂತಿತ್ತು. ನಾನು ಪಕ್ಕದಲ್ಲೇ ಇದ್ದೆ, ಏನೂ ಆಗಲಿಲ್ಲ. ಅಂದೇ ಸರಪಳಿಯನ್ನು ಗೋಡೆಗೆ ಬಿಗಿಯಾಗಿ ಹಿಡಿಯುವ ಕ್ಲಿಪ್ ಹಾಕಿದೆ. ಇಂಥ ಕುಣಿಕೆಗಳಲ್ಲಿ ಮಕ್ಕಳು ಕುತ್ತಿಗೆ ಸಿಕ್ಕಿ ಸತ್ತದ್ದಿದೆ. ಅಮೆರಿಕದಲ್ಲಿ ಸಿದ್ಧವಾಗಿ ಮಾರುವ ಬ್ಲೈಂಡ್‌ಗಳಲ್ಲಿ ದಾರವಿರಬಾರದು, ಇದ್ದರೂ ಮಗುವಿನ ಕೈಗೆ ಸಿಗದಂತೆ ಅಥವಾ ತೀರಾ ಗಿಡ್ಡವಾಗಿ ಇರಬೇಕು ಎಂಬ ಮಾನದಂಡ 2018ರ ಕೊನೆಗೆ ಜಾರಿಗೆ ಬಂತು. ಮಕ್ಕಳಿರುವ, ಮಕ್ಕಳು ಬಂದುಹೋಗುವ ಮನೆಯಾದರೆ ದಾರವಿಲ್ಲದ್ದನ್ನೇ ಕೊಳ್ಳಿ. ಇರುವುದನ್ನು ಬದಲಿಸಲಾಗದಿದ್ದರೆ ಗೋಡೆಗೆ ಬಿಗಿ ಮಾಡಿ, ತೊಟ್ಟಿಲನ್ನೂ ಮಂಚವನ್ನೂ ಕಿಟಕಿಯಿಂದ ದೂರವಿಡಿ.

ಈಗ ನಡುಮನೆಯಲ್ಲಿ ಅಡ್ಡಪಟ್ಟಿ ಮತ್ತು ಕೆಂಪು ಪರದೆ, ಮಲಗುವ ಕೋಣೆಯಲ್ಲಿ ಬ್ಲ್ಯಾಕೌಟ್ ಮತ್ತು ಮಡಿಸಿದ ಅಂಚಿನ ಪರದೆ ಇವೆ. ಸನ್‌ಸ್ಕ್ರೀನನ್ನು ಕತ್ತರಿಸಿ ನನ್ನ ಮೇಜಿನ ಮುಂದಿನ ಸಣ್ಣ ಕಿಟಕಿಗೆ ಹಾಕಿಕೊಂಡಿದ್ದೇನೆ. ಆ ಐದೂವರೆ ಮೀಟರ್ ತೆಳುಪರದೆ ಅಮ್ಮನ ಕೋಣೆ ಸೇರಿದೆ. ಅವರ ಕಿಟಕಿ ಪಕ್ಕದ ಕಟ್ಟಡದ ನೆರಳಿನಲ್ಲಿದೆ, ನೇರ ಬಿಸಿಲು ಬೀಳುವುದಿಲ್ಲ, ಗಾಳಿ ಮಾತ್ರ ದಿನವಿಡೀ ಬರುತ್ತದೆ. ಅಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಹಾಕಲಾರೆ.