ವಾರಕ್ಕೆರಡೇ ದಿನ ನೀರು ಅಂದಾಗ: ಒಂದೇ ಲಾನ್‌ನಲ್ಲಿ ನಾಲ್ಕು ದಾರಿ ಹೋಲಿಸಿ ನೋಡಿದ್ದು

ಮಳೆ ಕೈಕೊಟ್ಟು ಲಾನ್‌ಗೆ ನೀರು ಬಿಡೋಕೆ ನಿರ್ಬಂಧ ಹಾಕಿದ ತಕ್ಷಣ ಎಲ್ರಿಗೂ ಹೊಳೆಯೋದು ಒಂದೇ ಉಪಾಯ, ಸಿಗೋ ನೀರನ್ನ ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಹಂಚಿಬಿಡೋದು. ಅದು ಸರೀನಾ ಅಂತ ತಿಳ್ಕೊಳ್ಳೋಕೇ ಲಾನ್‌ಗೆ ದಾರ ಕಟ್ಟಿ ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಥರ ನೀರು ಕೊಟ್ಟು ಇಡೀ ಬೇಸಿಗೆ ನೋಡ್ದೆ. ನಮಗಿದ್ದ ನಿಯಮ ಇಷ್ಟೇ: ವಾರಕ್ಕೆ ಎರಡು ದಿನ ಸ್ಪ್ರಿಂಕ್ಲರ್ ಹಾಕ್ಬಹುದು, ಬಿಸಿಲೇರೋದ್ರೊಳಗೆ ಮುಗಿಸ್ಬೇಕು, ಗಿಡಮರಕ್ಕೆ ಕೈಯಲ್ಲಿ ಪೈಪ್ ಹಿಡ್ಕೊಂಡು ಬಿಟ್ರೆ ಅಡ್ಡಿಯಿಲ್ಲ. ಮನೆ ಮುಂದೆ ಇರೋದು ಕೆಂಟಕಿ ಬ್ಲೂಗ್ರಾಸ್, ತಂಪು ಹವೆಯ ಹುಲ್ಲು. ಹಿಂದೆ ಇರೋದು ಗರಿಕೆ. ಹಾಗಾಗಿ ಎರಡು ಜಾತಿನೂ ಹೋಲಿಸೋಕೆ ಸಿಕ್ತು.

ಮೊದ್ಲು ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ಅರ್ಧ ಗೊಂದಲ ಹೋಗತ್ತೆ. ಬೇಸಿಗೆಲಿ ಲಾನ್ ಹಸಿರಾಗೇ ಇರ್ಬೇಕು ಅಂದ್ರೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ನೀರು ನಿಂತ್ರೆ ಅದು 1 ಲೀಟರ್, ಅಂದ್ರೆ ಚದರ ಮೀಟರ್‌ಗೆ 25 ಲೀಟರ್, 100 ಚದರ ಮೀಟರ್ ಲಾನ್‌ಗೆ ವಾರಕ್ಕೆ 2,500 ಲೀಟರ್. ಬರಗಾಲದಲ್ಲಿ ಇಷ್ಟು ನೀರನ್ನ ಹುಲ್ಲಿಗೆ ಹುಯ್ಯೋಕೆ ನಂಗೆ ಮನಸ್ಸೂ ಬರಲ್ಲ.

ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಹಾಕಿದ ಪಾಲು ಮೊದಮೊದಲು ಚೆನ್ನಾಗೇ ಕಾಣ್ತಿತ್ತು, ಎಲೆ ಮೇಲೆ ನೀರು ಬಿದ್ದಿರತ್ತಲ್ಲ, ಧೂಳು ತೊಳ್ಕೊಂಡು ಹೋಗಿ ಹೊಳೆಯುತ್ತೆ. ಆದ್ರೆ ಉದ್ದದ ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ನೋಡಿದ್ರೆ ಎರಡು ಮೂರು ಸೆಂಟಿಮೀಟರ್ ಇಳಿದು ಟಕ್ ಅಂತ ನಿಲ್ಲತ್ತೆ, ಅದರ ಕೆಳಗೆ ಕಲ್ಲಿನ ಥರ ಒಣಮಣ್ಣು. ತೇವ ಎಲ್ಲಿರತ್ತೋ ಬೇರು ಅಲ್ಲೇ ಇರತ್ತೆ, ಹಾಗಾಗಿ ಬೇರೆಲ್ಲಾ ಮೇಲ್ಮೇಲೆನೇ ಉಳ್ಕೊಂಡು ಎರಡು ದಿನ ಜೋರು ಬಿಸಿಲು ಬಿದ್ರೆ ಸಾಕು ಹುಲ್ಲು ಬೂದು ನೀಲಿ ಬಣ್ಣಕ್ಕೆ ತಿರುಗತ್ತೆ, ಅದರ ಮೇಲೆ ನಡೆದ್ರೆ ತುಳಿದ ಹುಲ್ಲು ಮತ್ತೆ ಏಳೋದೇ ಇಲ್ಲ, ಹೆಜ್ಜೆ ಗುರುತು ಹಾಗೇ ಉಳಿಯತ್ತೆ. ಬಾಯಾರಿದ ಹುಲ್ಲಿನ ಮೊದಲ ಲಕ್ಷಣ ಅದೇ. ಇಡೀ ಲಾನ್‌ಗೆ ಅರೆಹೊಟ್ಟೆ ಊಟ ಹಾಕಿದ ಹಾಗೆ ಇದು, ನೀರೂ ಖರ್ಚು, ಹುಲ್ಲಿಗೂ ಉಪಯೋಗ ಇಲ್ಲ. ನಾಲ್ಕರಲ್ಲಿ ಕೊನೆಯ ಸ್ಥಾನ ಇದಕ್ಕೇ.

ಎರಡನೇದು, ಅಷ್ಟೇ ನೀರನ್ನ ಕಡಿಮೆ ಜಾಗಕ್ಕೆ ಆಳವಾಗಿ ಕೊಡೋದು. ಜನ ಓಡಾಡೋ, ಕೂರೋ, ಮಕ್ಕಳು ಆಡೋ ಜಾಗ ಮಾತ್ರ ಆರಿಸ್ಕೊಂಡೆ. ಸ್ಪ್ರಿಂಕ್ಲರ್ ಕೆಳಗೆ ಅಲ್ಲಲ್ಲಿ ಚಪ್ಪಟೆ ಖಾಲಿ ಡಬ್ಬಿ ಇಟ್ಟು, ಅದರಲ್ಲಿ ಎಷ್ಟು ನೀರು ನಿಂತಿದೆ ಅಂತ ಸ್ಕೇಲ್ ಹಾಕಿ ಅಳೆದ್ರೆ ಎಲ್ಲಿ ಜಾಸ್ತಿ ಬೀಳ್ತಿದೆ ಎಲ್ಲಿ ಬೀಳ್ತಾನೇ ಇಲ್ಲ ಅಂತ ಕಣ್ಣಿಗೆ ಕಾಣತ್ತೆ, ನಮ್ಮಲ್ಲಿ ಒಂದು ಮೂಲೆ ಡಬ್ಬಿ ಪೂರ್ತಿ ಖಾಲಿ, ನೀರೆಲ್ಲಾ ಸಿಮೆಂಟ್ ದಾರಿ ಮೇಲೆ ಬೀಳ್ತಿತ್ತು, ಸ್ಪ್ರಿಂಕ್ಲರ್ ತಲೆ ಸ್ವಲ್ಪ ತಿರುಗಿಸಿದ್ದಕ್ಕೇ ಸರಿಹೋಯ್ತು. ನಮ್ಮದು ಜೇಡಿಮಣ್ಣು, ಒಂದೇ ಸಲ ಬಿಟ್ರೆ ಇಂಗೋ ಮೊದ್ಲೇ ಹರಿದು ಹೋಗತ್ತೆ, ಅದಕ್ಕೆ ಸ್ವಲ್ಪ ಹೊತ್ತು ಬಿಡೋದು, ನಿಲ್ಸೋದು, ಇಂಗಿದ ಮೇಲೆ ಮತ್ತೆ ಬಿಡೋದು. ಟೈಮರ್ ಇದ್ರೆ ಇದು ಸಲೀಸು. ಮರಳುಮಣ್ಣಿದ್ದವರಿಗೆ ಈ ಕಷ್ಟ ಇಲ್ಲ, ಆದ್ರೆ ಅಲ್ಲಿ ನೀರು ಹೆಚ್ಚು ದಿನ ನಿಲ್ಲೋದೂ ಇಲ್ಲ. ಈ ಪಾಲಿನಲ್ಲಿ ಸ್ಕ್ರೂಡ್ರೈವರ್ ಹಿಡಿವರೆಗೂ ಸಲೀಸಾಗಿ ಇಳೀತಿತ್ತು, ನೀರು ಹಾಕಿ ದಿನಗಳಾದ್ರೂ ಹುಲ್ಲು ಬಗ್ಗಿದ್ದು ಮತ್ತೆ ನೆಟ್ಟಗಾಗ್ತಿತ್ತು. ಸೂರ್ಯ ಹುಟ್ಟೋ ಹೊತ್ತಿಗೆ ಮುಗಿಸಿದ್ರೆ ಒಳ್ಳೇದು. ಮಧ್ಯಾಹ್ನ ಹಾಕಿದ್ರೆ ಆವಿಯಾಗಿ ಹೋಗೋದೇ ಜಾಸ್ತಿ, ರಾತ್ರಿ ಹಾಕಿದ್ರೆ ಎಲೆ ಬೆಳಗಿನವರೆಗೂ ಒದ್ದೆಯಾಗಿದ್ದು ಶಿಲೀಂಧ್ರ ಬರೋ ಭಯ.

ಮೂರನೇದು ನನ್ನ ಪ್ರಕಾರ ಎಲ್ರೂ ಯೋಚಿಸ್ಬೇಕಾದ ದಾರಿ: ಹುಲ್ಲನ್ನ ಮಲಗೋಕೆ ಬಿಡೋದು. ಕಂದು ಬಣ್ಣ ಅಂದ್ರೆ ಸತ್ತಿದೆ ಅಂತ ಅಲ್ಲ. ಬ್ಲೂಗ್ರಾಸ್ ಬಿಸಿಲು ಜಾಸ್ತಿಯಾದಾಗ ಎಲೆನ ಒಣಗಿಸ್ಕೊಂಡು ಬುಡದಲ್ಲಿ, ಮಣ್ಣೊಳಗೆ ಹರಡಿರೋ ಕಾಂಡದಲ್ಲಿ ಜೀವ ಹಿಡ್ಕೊಂಡಿರತ್ತೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ 12 ಮಿಲಿಮೀಟರ್ ಕೊಟ್ರೆ ಬುಡ ಬದುಕತ್ತೆ, ಹಸಿರಾಗಲ್ಲ ಅಷ್ಟೇ. ನಾಲ್ಕು ವಾರಕ್ಕೊಮ್ಮೆ ಅಂದ್ರೆ 100 ಚದರ ಮೀಟರ್‌ಗೆ 1,200 ಲೀಟರ್, ಹಸಿರಾಗಿಡೋಕೆ ಅದೇ ನಾಲ್ಕು ವಾರದಲ್ಲಿ 10,000 ಲೀಟರ್ ಬೇಕಿತ್ತು! ಬದುಕಿದೆಯಾ ಅಂತ ನೋಡೋಕೆ ಒಂದು ಹಿಡಿ ಹುಲ್ಲು ಹಿಡಿದು ಎಳೀಬೇಕು, ಗಟ್ಟಿಯಾಗಿ ನಿಂತು ಬುಡ ಬಿಳಿಯಾಗಿದ್ರೆ ಮಲಗಿದೆ, ಬೇರು ಸಮೇತ ಸುಲಭಕ್ಕೆ ಕಿತ್ತು ಬಂದ್ರೆ ಹೋಗಿದೆ. ತುಂಬಾ ಒಣಗಿದ ಮಣ್ಣು ನೀರನ್ನ ಹೀರೋದೇ ಇಲ್ಲ, ಮೇಲೆ ಹನಿಹನಿಯಾಗಿ ಉರುಳತ್ತೆ, ಅಂಥ ಕಡೆ ಮುಳ್ಳುಸಲಿಕೆಯಲ್ಲಿ (ಗಾರ್ಡನ್ ಫೋರ್ಕ್) ಅಲ್ಲಲ್ಲಿ ಚುಚ್ಚಿ ಆಮೇಲೆ ನೀರು ಹಾಕ್ಬೇಕು. ಇನ್ನೊಂದು ಮಾತು, ಮಲಗಿಸಿದ್ಮೇಲೆ ಮಲಗಿಸ್ಬೇಕು. ಒಂದು ವಾರ ಚೆನ್ನಾಗಿ ನೀರು ಕೊಟ್ಟು ಹಸಿರು ಮಾಡಿ ಮತ್ತೆ ಬಿಟ್ರೆ, ಬುಡದಲ್ಲಿ ಕೂಡಿಟ್ಟಿರೋ ಶಕ್ತಿನೆಲ್ಲಾ ಹೊಸ ಎಲೆಗೆ ಖರ್ಚು ಮಾಡಿ ಹುಲ್ಲು ಸೋತುಹೋಗತ್ತೆ. ಅದರ ಮೇಲೆ ಓಡಾಟನೂ ಬೇಡ. ಪೆರೆನಿಯಲ್ ರೈಗ್ರಾಸ್ (ಇದೂ ತಂಪು ಹವೆಯ ಲಾನ್ ಹುಲ್ಲೇ) ಇದ್ದವರು ಹುಷಾರಾಗಿರಿ, ಅದು ಬ್ಲೂಗ್ರಾಸ್‌ನಷ್ಟು ಚೆನ್ನಾಗಿ ಮಲಗಿ ಏಳಲ್ಲ.

ಗರಿಕೆ ವಿಷ್ಯ ಬೇರೆನೇ. ಮುಂದಿನ ಬ್ಲೂಗ್ರಾಸ್ ಕಂದಾಗಿ ಮಲಗಿದ್ದ ಹೊತ್ತಲ್ಲಿ ಹಿಂದಿನ ಗರಿಕೆ, ಬ್ಲೂಗ್ರಾಸ್ ಹಸಿರಾಗಿರೋಕೆ ಬೇಕಾದ್ದಕ್ಕಿಂತ ಕಮ್ಮಿ ನೀರಲ್ಲೇ ಹಸಿರಾಗಿತ್ತು, ಬಿಸಿಲೇ ಅದಕ್ಕೆ ಸುಗ್ಗಿ. ಬರ್ಮುಡಾ ಅಂತ ಮಾರೋ ಲಾನ್ ಹುಲ್ಲೂ ಗರಿಕೆ ಕುಲದ್ದೇ. ಹೊಸದಾಗಿ ಹಾಕೋರು, ಬೇಸಿಗೆ ಜೋರಿರೋ ಕಡೆ ಇದನ್ನೇ ಯೋಚಿಸಿ, ಆದ್ರೆ ಚಳಿಗಾಲ ಕಟುವಾಗಿರೋ ಕಡೆ ಇದು ಕಂದಾಗತ್ತೆ, ನೆರಳಲ್ಲಿ ಬರೋದೇ ಇಲ್ಲ, ಹೂವಿನ ಪಾತಿಗೆ ನುಗ್ಗೋದಂತೂ ಇದ್ದಿದ್ದೇ.

ನಾಲ್ಕನೇದು ಮನೆಯಲ್ಲಿ ಬಳಸಿದ ನೀರು. ಇದರ ಮೇಲೆ ನಂಗೆ ಬಹಳ ಆಸೆ ಇತ್ತು. 20 ಲೀಟರ್ ಬಕೆಟ್ ತುಂಬಿ ಹೊತ್ತು ಹಾಕಿದ್ರೂ ಒಂದು ಚದರ ಮೀಟರ್ ಹುಲ್ಲಿನ ವಾರದ ಪಾಲು ತುಂಬಲ್ಲ, ಲಾನ್‌ಗೆ ಇದು ಆಗೋ ಮಾತಲ್ಲ. ಅದೇ ನೀರು ಮರಕ್ಕೆ ಹಾಕಿದ್ರೆ ಲೆಕ್ಕವೇ ಬದಲಾಗತ್ತೆ. ಹುಲ್ಲು ಹೋದ್ರೆ ಮುಂದಿನ ಋತುವಿಗೆ ಮತ್ತೆ ಬರತ್ತೆ, ಮರ ಹೋದ್ರೆ ಇನ್ನೊಂದು ತಲೆಮಾರು ಕಾಯ್ಬೇಕು. ಲಾನ್ ನೀರು ನಿಂತಾಗ ಅದರ ಮಧ್ಯೆ ಇರೋ ಮರಕ್ಕೂ ನೀರು ನಿಂತಿರತ್ತೆ, ಇದನ್ನ ಜನ ಮರೀತಾರೆ, ದಯವಿಟ್ಟು ಮರೀಬೇಡಿ. ಕಾಂಡದ ಬುಡಕ್ಕೆ ಸುರಿಯೋದಲ್ಲ, ಕೊಂಬೆಗಳ ಅಂಚು ಎಲ್ಲಿದೆಯೋ ಅದರ ಕೆಳಗೆ ಸುತ್ತಲೂ ನಿಧಾನಕ್ಕೆ ಇಂಗಿಸ್ಬೇಕು. ವಾಷಿಂಗ್ ಮಷೀನ್‌ದಾದ್ರೆ ಮೊದಲ ಸೋಪಿನ ನೀರು ಬಿಟ್ಟು ಕೊನೆಯ ಜಾಲಾಡಿಸಿದ ನೀರು ಹಿಡೀರಿ, ಬ್ಲೀಚ್ ಅಥ್ವಾ ಬೋರಾಕ್ಸ್ ಹಾಕಿದ್ರೆ ಅದೂ ಬೇಡ. ಡಿಟರ್ಜೆಂಟಿನ ಸೋಡಿಯಂ ಸೇರ್ತಾ ಹೋದ್ರೆ ಜೇಡಿಮಣ್ಣು ಗಟ್ಟಿಯಾಗಿ ನೀರೇ ಇಂಗಲ್ಲ. ಹಿಡಿದಿದ್ದನ್ನ 24 ಗಂಟೆಯೊಳಗೆ ಖಾಲಿ ಮಾಡಿ, ಇಲ್ಲಾಂದ್ರೆ ನಾತ ಬರತ್ತೆ. ಸ್ಪ್ರಿಂಕ್ಲರ್‌ಗೆ ಈ ನೀರು ಯಾವತ್ತೂ ಬೇಡ.

ಹಸಿರು ಬಣ್ಣ ಹೊಡೆಯೋ ಲಾನ್ ಸ್ಪ್ರೇನೂ ಒಂದು ಚೂರು ಜಾಗದಲ್ಲಿ ನೋಡ್ದೆ. ದೂರಕ್ಕೆ ಚೆನ್ನಾಗೇ ಕಾಣತ್ತೆ, ಹುಲ್ಲಿಗೆ ಒಳ್ಳೇದೂ ಇಲ್ಲ ಕೆಟ್ಟದೂ ಇಲ್ಲ.

ಯಾವ ದಾರಿ ಹಿಡಿದ್ರೂ ಕತ್ತರಿಸೋ ಎತ್ತರ ಏರಿಸಲೇಬೇಕು. ಬ್ಲೂಗ್ರಾಸ್ ಆದ್ರೆ 7-8 ಸೆಂಟಿಮೀಟರ್, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ, ಎತ್ತರದ ಎಲೆ ಮಣ್ಣಿಗೆ ನೆರಳು ಕೊಡತ್ತೆ. ಕತ್ತರಿಸಿದ್ದನ್ನ ಅಲ್ಲೇ ಬಿಡಿ. ಯೂರಿಯಾ ಬೇಡವೇ ಬೇಡ, ನೀರಿಲ್ಲದ ಹೊತ್ತಲ್ಲಿ ಹೊಸ ಚಿಗುರು ಎಬ್ಬಿಸಿದ್ರೆ ಅದಕ್ಕೆ ಕುಡಿಸೋದು ಯಾರು?

ಈಗ ನಂದು ಇತ್ಯರ್ಥ ಆಗಿದೆ: ಸಿಗೋ ನೀರಲ್ಲಿ ಮೊದಲ ಪಾಲು ಮರಕ್ಕೆ, ಎರಡನೇದು ಓಡಾಡೋ ತುಂಡು ಜಾಗಕ್ಕೆ ಆಳವಾಗಿ, ಉಳಿದಿದ್ದು ಮಲಗಲಿ. ಮಳೆ ಬಂದು ಹುಲ್ಲು ಎದ್ದಾಗ ಕೂಡಲೇ ಮೆಷೀನ್ ತಗೊಂಡು ಹೋಗ್ಬೇಡಿ, ಎಲೆ ಪೂರ್ತಿ ಬೆಳೆದು ನಿಲ್ಲೋವರೆಗೂ ಬಿಡಿ, ಎರಡು ಮೂರು ವಾರ ಕಳೆದ್ರೂ ಚಿಗುರದ ಕಡೆ ಮಾತ್ರ ಎಳೆದು ನೋಡಿ, ಕಿತ್ತು ಬಂದ ಜಾಗಕ್ಕಷ್ಟೇ ಬೀಜ ಹಾಕಿದ್ರೆ ಸಾಕು.